ಸ್ವಯಂ ಇಲಾಖೆಯಲ್ಲಿ ನನ್ನ ಮೊದಲ ಮೋಟಾರು

ಎಸ್ಸೆಸ್ಸೆಲ್ಸಿ ಪಾಸಾದ ಮೇಲೆ ಕೂಡ್ಲಿಗಿಯಲ್ಲಿ ನಾನು ಮಾಡುತ್ತಿದ್ದುದಕ್ಕೆಲ್ಲ ನಮ್ಮ ಮನೆಯಲ್ಲಿ ಒಂದೇ ಹೆಸರಿತ್ತು: ಸುತ್ತೋದು. ಬಸ್ ಸ್ಟ್ಯಾಂಡಿಗೆ ಹೋದರೂ ಸುತ್ತೋದು, ಲೈಬ್ರರಿಯಲ್ಲಿ ಕೂತು ‘ಬೇಕಾಗಿದ್ದಾರೆ’ ಜಾಹೀರಾತು ಓದಿದರೂ ಸುತ್ತೋದು. ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ಹಳ್ಳಿ ಹುಡುಗರಿಗೆ ಕಸುಬು ಕಲಿಸಬೇಕೆಂದು ಸರ್ಕಾರ ಮನಸ್ಸು ಮಾಡಿತು, ನನ್ನ ಪಾಲಿಗೆ ಪಂಪ್‌ಸೆಟ್ ಮೋಟಾರಿನ ರಿವೈಂಡಿಂಗ್ ಬಂತು. ಸುಟ್ಟ ಮೋಟಾರಿನ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತುವ ಕೆಲಸ. ನಮ್ಮ ಕಡೆ ಅದಕ್ಕೂ ಬೇರೆ ಹೆಸರಿಲ್ಲ.

“ಎಲ್ಲಿ ಅದಾನವ್ವಾ ನಿನ ಮಗ? ಕಾಣವಲ್ಲ,” ಎಂದು ಪಕ್ಕದ ಮನೆಯ ಹಿರಿಯರು ಅಮ್ಮನನ್ನು ಕೇಳಿದರಂತೆ.

“ಹಗರಿಬೊಮ್ಮನಹಳ್ಳಿಗೆ ಹೋಗ್ಯಾನ್ರಿ. ಸರ್ಕಾರದೋರು ಸುತ್ತೋದು ಕಲಸ್ತಾರಂತ.”

“ಅದನ್ನ ಅವಗ ಕಲಸಬೇಕೇನು? ಅವನ ನಾಕ್ ಮಂದಿಗೆ ಕಲಸ್ತಿದ್ನಲ್ಲ.”

ತರಬೇತಿಯ ಹೆಸರಿನಲ್ಲಿ ‘ಸ್ವಯಂ ಉದ್ಯೋಗ’ ಎಂಬ ಮಾತಿತ್ತು. ಅದರಲ್ಲಿ ‘ಉದ್ಯೋಗ’ ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ‘ಸ್ವಯಂ’ ಅಂದರೆ ಯಾವುದೋ ಇಲಾಖೆ ಇರಬೇಕು, ಬೆಂಗಳೂರಿನಲ್ಲಿ ಅದರ ದೊಡ್ಡ ಕಚೇರಿ ಇರಬೇಕು ಎಂದು ನಾನೇ ಊಹಿಸಿಕೊಂಡು, ಪೋಸ್ಟಿಂಗ್ ದೂರ ಹಾಕಿದರೆ ಊಟಕ್ಕೇನು ಗತಿ ಎಂಬ ಚಿಂತೆಯನ್ನೂ ಮುಂಗಡವಾಗಿ ಶುರು ಮಾಡಿದ್ದೆ. ಚಿಂತೆಯ ವಿಷಯದಲ್ಲಿ ನಾನು ಯಾವತ್ತೂ ತಡಮಾಡಿದವನಲ್ಲ. ಒಂದು ದಿನ ಧೈರ್ಯ ಮಾಡಿ ಇನ್‌ಸ್ಟ್ರಕ್ಟರನ್ನು ಕೇಳಿಯೇಬಿಟ್ಟೆ.

“ಸಾರ್, ಟ್ರೇನಿಂಗ್ ಮುಗದ ಮ್ಯಾಲ ಪೋಸ್ಟಿಂಗ್ ಕೂಡ್ಲಿಗಿ ತಾಲ್ಲೂಕಿನಾಗ ಸಿಗಬಹುದೇನ್ರಿ?”

ಅವರು ಬೀಡಿ ಆರಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. “ಸ್ವಯಂ ಅಂದ್ರ ಯಾರು?”

“ಡಿಪಾರ್ಟ್‌ಮೆಂಟ್ ಅಲ್ಲೇನ್ರಿ?”

“ನೀನಲೇ ಅದು. ಆರ್ಡರ್ ಹೊರಡಸಾವ ನೀನ, ಡ್ಯೂಟಿಗೆ ಬರಾವ ನೀನ. ರಜಾ ಬೇಕಂದ್ರೂ ನಿನ್ನನ್ನ ಕೇಳಬೇಕು.”

ಆ ದಿನದಿಂದ ತರಬೇತಿಯ ಶೆಡ್ಡಿನಲ್ಲಿ ನನ್ನ ಹೆಸರು ‘ಸ್ವಯಂ ಸಾಹೇಬ್ರು’ ಆಯಿತು.

ಇನ್ನು ಆ ಶೆಡ್ಡು. ಕಲಿಯುವ ಹುಡುಗರು ಒಂದು ಹಿಂಡು, ಸುತ್ತಲು ಇದ್ದ ಮೋಟಾರು ಒಂದೇ. ಒಬ್ಬ ಸುತ್ತಿ ಇನ್‌ಸ್ಟ್ರಕ್ಟರಿಗೆ ತೋರಿಸಿ ‘ಚಲೋ ಐತಿ’ ಅನ್ನಿಸಿಕೊಂಡ ಕೂಡಲೇ ಅದನ್ನು ಬಿಚ್ಚಬೇಕು, ಯಾಕೆಂದರೆ ಮುಂದಿನವನೂ ಅದೇ ತಂತಿಯನ್ನೇ ಸುತ್ತಬೇಕು. ಹೀಗೆ ಸುತ್ತಿ ಬಿಚ್ಚಿ, ಸುತ್ತಿ ಬಿಚ್ಚಿ, ಆ ತಂತಿ ಮೈಮೇಲಿನ ಮೆರುಗನ್ನೆಲ್ಲ, ಅಂದರೆ ಕರೆಂಟು ಹೊರಗೆ ಹಾಯದಂತೆ ತಡೆಯುವ ಲೇಪವನ್ನೆಲ್ಲ, ಕಳೆದುಕೊಂಡಿತ್ತು. “ಮೆರುಗು ಹೋದ ತಂತಿ ಸುತ್ತಿದ್ರ ಮೋಟ್ರು ಸುಡತೈತಿ. ಹೊರಗ ಹೋದ ಮ್ಯಾಲ ಸುತ್ತಿದ್ದನ್ನ ಬಿಚ್ಚಿ ಸುತ್ತಬ್ಯಾಡ್ರಿ,” ಎಂಬುದು ನಮಗೆ ಬಿದ್ದಿದ್ದ ಕಟ್ಟಪ್ಪಣೆ. ಒಟ್ಟಿನಲ್ಲಿ ತರಬೇತಿ ಮುಗಿದು, ತಾಲ್ಲೂಕಿನ ಸಾಹೇಬರು ಬಂದು, ದೇಶದ ಭವಿಷ್ಯ ನಿಮ್ಮ ಕೈಯಲ್ಲಿದೆ ಎಂದು ಭಾಷಣ ಮಾಡಿ, ಪ್ರತಿಯೊಬ್ಬನಿಗೂ ಹಾರ ಹಾಕಿಸಿ ಸರ್ಟಿಫಿಕೇಟು ಕೊಟ್ಟಾಗ, ತಾನು ಸುತ್ತಿದ ಮೋಟಾರು ತಿರುಗಿದ್ದನ್ನು ನಮ್ಮಲ್ಲಿ ಒಬ್ಬನೂ ನೋಡಿರಲಿಲ್ಲ. ನಾನು ಕೈ ನೋಡಿಕೊಂಡೆ. ಭವಿಷ್ಯ ಇತ್ತೋ ಇಲ್ಲವೋ, ವಾರ್ನಿಷ್ ಅಂತೂ ಇತ್ತು.

ಊರಲ್ಲಿ ಯಾರೂ ಮೋಟಾರು ಕೊಡಲಿಲ್ಲ. ಕೊಡುವವರಾದರೂ ಹೇಗೆ ಕೊಟ್ಟಾರು? ನಮ್ಮ ಕಡೆ ಡಾಕ್ಟರಿಗೆ ಹೇಗೋ ಹಾಗೆ ಮೋಟಾರು ಸುತ್ತುವವನಿಗೂ ಕೈಗುಣ ಕೇಳುತ್ತಾರೆ. ಸರ್ಟಿಫಿಕೇಟಿನಲ್ಲಿ ಕೈಗುಣಕ್ಕೆ ಕಾಲಂ ಇರಲಿಲ್ಲ. ಮೊದಲ ಮೋಟಾರು ನಡೆದರೆ ಕೈಗುಣ ಇದೆ ಎಂದು ಅರ್ಥ. ಸುಟ್ಟರೆ ಕೊಟ್ಟೂರಿನಿಂದ ಹರಪನಹಳ್ಳಿಯವರೆಗೆ ಸಂತೆ ಸಂತೆಯಲ್ಲೂ ಸುದ್ದಿಯಾಗಿ, ಎರಡನೆಯದನ್ನು ಯಾರೂ ಕೊಡುವುದಿಲ್ಲ. ಆಗ ಉಳಿಯುವುದು ಹಳೆಯ ಸುತ್ತೋದು ಒಂದೇ.

ಕೊನೆಗೆ ಮೋಟಾರು ಕೊಟ್ಟವಳು ಹೂವಿನಹಡಗಲಿಯಲ್ಲಿದ್ದ ನನ್ನ ಸೋದರತ್ತೆ. ಅವರದು ಊರ ಹೊರಗೆ ಮಲ್ಲಿಗೆ ತೋಟ. ಅವರ ಬಾವಿಯ ಮೋಟಾರು ಸುಟ್ಟಿತ್ತು. ಮಾವ ಅದನ್ನು ಹೊಸಪೇಟೆ ಬಸ್ಸಿಗೆ ಸಾಗಿಸಲು ಚಕ್ಕಡಿ ಹೂಡುತ್ತಿದ್ದಾಗಲೇ ನಾನು ಹೋಗಿ ನಿಂತೆ.

“ಇವನ ಕೈಗೆ ಕೊಟ್ಟು ಸುಡಸ್ತೀಯೇನು?” ಎಂದರು ಮಾವ.

“ಸುಟ್ಟ ಮೋಟ್ರನ್ನ ಇವ ಇನ್ನೇನು ಸುಡ್ತಾನ? ಇಳಸ್ರಿ ಕೆಳಗ,” ಎಂದಳು ಅತ್ತೆ.

ಮಾವ ಚಕ್ಕಡಿಯ ಎತ್ತು ಬಿಚ್ಚಿದರು. ಹೊಸ ತಂತಿ ಬಂತು. ಇದು ಸುಟ್ಟರೆ ಹೊಸಪೇಟೆಯಿಂದ ತಿರುಗಿ ಬರುವತನಕ ಮಲ್ಲಿಗೆ ಕಾಯುವುದಿಲ್ಲ ಎಂದು ಮಾವ ದಿನಕ್ಕೊಮ್ಮೆ ಜ್ಞಾಪಿಸುತ್ತಿದ್ದರು.

ಮೋಟಾರಿನಲ್ಲಿ ಕೂರುವ ತಂತಿಯ ಸುರುಳಿಗಳನ್ನು ಮೊದಲು ಮರದ ಅಚ್ಚಿನ ಮೇಲೆ ಸುತ್ತಬೇಕು. ಪ್ರತಿ ಸುರುಳಿಗೂ ಸುತ್ತಿನ ಲೆಕ್ಕ ಒಂದೇ ಇರಬೇಕು, ತಪ್ಪಿದರೆ ಮೋಟಾರು ಕಾಯುತ್ತದೆ, ಕಾದದ್ದು ಸುಡುತ್ತದೆ. ಲೆಕ್ಕ ಹಾಕುವಾಗ ಮಾತಾಡಬಾರದು. ಆದರೆ ಅತ್ತೆ ಮಾತಾಡದೆ ಇದ್ದದ್ದನ್ನು ಆ ಮನೆಯ ಗೋಡೆಗಳೂ ಕಂಡಿರಲಿಲ್ಲ.

“ಅದೇನು ಬಾಯಾಗ ಗುಣುಗುಣು ಅಂತೀ? ಮಂತ್ರ ಹಾಕ್ತೀಯೇನು?”

“ಎಣಸಾಕ್ಹತ್ತೀನಿ ಅತ್ತಿ.”

“ಎಣಸು, ಎಣಸು. ನಿಮ್ಮಪ್ಪಗ ಮಂಡಿನೋವು ಹೆಂಗೈತಿ?”

ಲೆಕ್ಕ ಹೋಯಿತು. ನಾನು ಮುಖ ಸಣ್ಣ ಮಾಡಿದ್ದು ಕಂಡು ಅತ್ತೆಯೇ ಉಪಾಯ ಹೇಳಿದಳು. ಅವಳ ಮುಂದೆ ಮೊರದ ತುಂಬ ಮಲ್ಲಿಗೆ ಮೊಗ್ಗು ಇತ್ತು. ನಾನು ಒಂದು ಸುತ್ತು ಹಾಕಿದರೆ ಅವಳು ಒಂದು ಮೊಗ್ಗು ತಾಟಿಗೆ ಹಾಕುವುದು. ಆಮೇಲೆ ಮೊಗ್ಗು ಎಣಿಸಿ, ಕಡಿಮೆ ಇದ್ದರೆ ನಾನು ಸುತ್ತು ಕೂಡಿಸುವುದು. ಬಾಯಿ ಇಬ್ಬರಿಗೂ ಖಾಲಿ. ಅಪ್ಪನ ಮಂಡಿಯಿಂದ ಹಿಡಿದು ನನ್ನ ಮದುವೆಯವರೆಗೆ ಮಾತಾಡುತ್ತಾ ಸುರುಳಿಗಳನ್ನು ಒಂದೊಂದಾಗಿ ಮುಗಿಸಿದೆವು. ನಮ್ಮ ಇನ್‌ಸ್ಟ್ರಕ್ಟರಿಗೆ ಈ ವಿಧಾನ ಗೊತ್ತಿರಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಕೊನೆಯ ಸುರುಳಿ ಸುತ್ತಿ, ಸ್ನಾನ ಮುಗಿಸಿ ಬಂದು ನೋಡುತ್ತೇನೆ, ತಾಟು ಖಾಲಿ.

“ಅತ್ತಿ, ಮೊಗ್ಗು ಎಲ್ಲಿ ಹೋದ್ವು?”

“ಅಯ್ಯ, ನಮ್ಮೂರ ಸಾಲಿ ಟೀಚರಮ್ಮ ಬಂದಿದ್ಲಪಾ, ಊರಿಗೆ ಹೊಂಟೀನಿ ಹೂವು ಕೊಡ್ರಿ ಅಂತ. ತಾಟಿನಾಗ ಇದ್ದದ್ದು ಕಟ್ಟಿ ಕೊಟ್ಟೆ.”

“ಲೆಕ್ಕ?”

“ನಾ ಯಾವತ್ತರ ಹೂವು ಎಣಿಸಿ ಕಟ್ಟೀನೇನು? ಮೊಳದ ಲೆಕ್ಕ ಕೇಳು, ಹೇಳ್ತೀನಿ.”

ಹೂವು ಕಂಡರೆ ಆ ಊರಿನವರ ಬೆರಳು ತಾವಾಗಿಯೇ ಕಟ್ಟುತ್ತವೆ, ಅದರಲ್ಲಿ ಅವಳ ತಪ್ಪೇನೂ ಇಲ್ಲ. ಸುರುಳಿ ಬಿಚ್ಚಿ ಎಣಿಸೋಣವೆಂದರೆ ಮೆರುಗು ಹೋದೀತೆಂಬ ಅಪ್ಪಣೆ ಅಡ್ಡ ಬಂತು. ಒಂದು ಸಲ ಬಿಚ್ಚಿದರೆ ಅಂಥದ್ದೇನೂ ಆಗುವುದಿಲ್ಲ ಎಂದು ಈಗ ಗೊತ್ತು. ಆಗ ನನಗೆ ಒಂದೇ ದಾರಿ ಕಂಡಿತು. ಬಸ್ ಸ್ಟ್ಯಾಂಡಿಗೆ ಓಡಿದೆ.

ಹರಪನಹಳ್ಳಿ ಬಸ್ಸು ಹೊರಡಲು ನಿಂತಿತ್ತು. ಟೀಚರಮ್ಮ ಕಿಟಕಿಯ ಪಕ್ಕದಲ್ಲಿ ಕೂತಿದ್ದರು, ನನ್ನ ಕೊನೆಯ ಸುರುಳಿಯ ಲೆಕ್ಕ ಅವರ ಜಡೆಯಲ್ಲಿತ್ತು. ಹೇಗೆ ಕೇಳಬೇಕೆಂದು ದಾರಿಯುದ್ದಕ್ಕೂ ಯೋಚಿಸಿಕೊಂಡಿದ್ದ ಮಾತೆಲ್ಲ ಅವರ ಮುಖ ನೋಡಿದ ಕೂಡಲೇ ಮರೆತುಹೋಯಿತು.

“ಟೀಚರ್, ನಿಮ್ಮ ತಲಿಯಾಗಿನ ಹೂವು ಎಣಸಬೇಕಿತ್ರಿ.”

ಹಿಂದಿನ ಸೀಟಿನ ಮುದುಕಿ, “ಸಂತಿ ಮಾಲು ನೋಡಿದಂಗ ಕೇಳತಾನಲ್ಲ ಇವ. ಯಾರ ಮಗ ಇದು?” ಎಂದಳು. ಬಸ್ಸಿನಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ನಾನು ಮೋಟಾರು, ಸುರುಳಿ, ತಾಟು, ಅತ್ತೆ ಎಂದು ತೊದಲಿದೆ. ಟೀಚರಮ್ಮ ಪೂರ್ತಿ ಕೇಳಿಸಿಕೊಂಡು, ನಗದೆ, ಪಿನ್ನು ತೆಗೆದು ಮಾಲೆಯನ್ನು ಮಡಿಲಿಗೆ ಹಾಕಿಕೊಂಡರು.

“ಗಟ್ಟಿಯಾಗಿ ಎಣಸು. ನಾನೂ ನೋಡ್ತೀನಿ.”

ಒಂದನೇ ಕ್ಲಾಸಿನ ಹುಡುಗನ ಹಾಗೆ ಕಿಟಕಿಯ ಹೊರಗೆ ನಿಂತು ಎಣಿಸಿದೆ. ಎರಡು ಕಡಿಮೆ ಬಂತು.

“ಮುಗೀತೇನಪಾ ಹಾಜರಿ? ರೈಟ್ ಹೇಳ್ಲಾ?” ಎಂದ ಕಂಡಕ್ಟರು.

ಮನೆಗೆ ಬಂದು ಎರಡು ಕಡಿಮೆ ಎಂದೆ. ಅತ್ತೆ ಸ್ವಲ್ಪ ಯೋಚಿಸಿ, “ಹೌದೌದು, ಕಟ್ಟಾಕಿಂತ ಮೊದಲು ದೇವರಿಗೆ ಏರಿಸಿದ್ನಿ,” ಎಂದಳು. ನಾನು ದೇವರ ಜಗಲಿಯ ಹತ್ತಿರ ಹೋಗಿ ಬಗ್ಗಿ ನೋಡಿದೆ. ಎರಡೇ ಇದ್ದವು. ದೇವರ ಲೆಕ್ಕವನ್ನೂ ತಪಾಸಣೆ ಮಾಡಿದ ಮೊದಲ ಸ್ವಯಂ ಉದ್ಯೋಗಿ ನಾನೇ ಇರಬೇಕು.

ಸುರುಳಿಗಳನ್ನು ಕೂರಿಸಿ, ವಾರ್ನಿಷ್ ಹಾಕಿ, ಬಿಸಿಲಿಗೆ ಒಣಗಿಸಿ, ಮೋಟಾರನ್ನು ಬಾವಿ ದಂಡೆಯ ಪಂಪಿಗೆ ಜೋಡಿಸಿದೆವು. ಮಧ್ಯಾಹ್ನ ಕರೆಂಟು ಬಂದಾಗ ಮಾವ ಕಾಯಿ ಒಡೆದು ಸ್ವಿಚ್ ಹಾಕಿದರು. ಮೋಟಾರು ತಿರುಗಿತು. ನೀರು ಮಾತ್ರ, ಮಕ್ಕಳು ಉಚ್ಚೆ ಹೊಯ್ದ ಹಾಗೆ, ಸಣ್ಣಗೆ ಬಂತು.

“ಚಕ್ಕಡಿ ಹೂಡ್ಲೇನು?” ಎಂದರು ಮಾವ, ಯಾರನ್ನೂ ನೋಡದೆ.

ನಾನು ಜ್ವರ ಬಂದ ಕೂಸಿನ ಹಣೆ ಮುಟ್ಟುವಂತೆ ಮೋಟಾರಿನ ಮೈ ಮುಟ್ಟಿದೆ. ತಣ್ಣಗಿತ್ತು. ಹಾಗಾದರೆ ಸುತ್ತಿದ್ದರಲ್ಲಿ ತಪ್ಪಿಲ್ಲ. ಕೈ ತೆಗೆದ ಜಾಗದಲ್ಲಿ, ಯಾವ ಕಡೆ ತಿರುಗಬೇಕೆಂದು ತೋರಿಸುವ ಬಾಣದ ಗುರುತು ಕಂಡಿತು. ಮೋಟಾರು ಅದಕ್ಕೆ ಉಲ್ಟಾ ತಿರುಗುತ್ತಿತ್ತು. ಮೂರು ವೈರುಗಳಲ್ಲಿ ಎರಡನ್ನು ಅದಲು ಬದಲು ಮಾಡಿದರೆ ಸರಿಯಾಗುವ ಸಂಗತಿ. ಇದನ್ನು ಶೆಡ್ಡಿನಲ್ಲಿ ಬಾಯಿಪಾಠ ಮಾಡಿದ್ದೆ, ತಿರುಗುವ ಮೋಟಾರನ್ನೇ ನೋಡಿರದ ಕಾರಣ ನೆನಪಿಗೆ ಬಂದಿರಲಿಲ್ಲ. ಸ್ವಿಚ್ ತೆಗೆಸಿ ವೈರು ಬದಲಿಸಿದೆ. ಈ ಸಲ ನೀರು ತೊಟ್ಟಿಗೆ ಬಿದ್ದ ರಭಸಕ್ಕೆ ಮಾವನ ಧೋತರ ಪೂರ್ತಿ ತೊಯ್ದಿತು. ಅವರು ಗುದ್ದಲಿ ತಗೊಂಡು ಕಾಲುವೆ ತಿರುವಲು ಹೋದರು.

ಕರೆಂಟು ಹೋಗುವ ತನಕ ನಾನು ಮೋಟಾರಿನ ಮೇಲಿಂದ ಕೈ ತೆಗೆಯಲಿಲ್ಲ. ಮರುದಿನವೂ ಹಾಗೆಯೇ ಕೂತೆ. ಮೂರನೆಯ ದಿನ ಅತ್ತೆ, “ಅದು ನಡೀತೈತಿ, ನೀನು ನಡಿ,” ಎಂದು ಬುತ್ತಿ ಕಟ್ಟಿ ಬಸ್ಸು ಹತ್ತಿಸಿದಳು.

ಊರಿಗೆ ಬಂದು ಮನೆಯ ಮುಂದಿನ ತಗಡಿನ ಚಪ್ಪರದಡಿ ಕೂತೆ. ಹಡಗಲಿಯಿಂದ ಕಾಗದ ಬಂದರೆ ಸುಟ್ಟಿತೇನೋ ಎಂಬ ಭಯ, ಬರದಿದ್ದರೆ ಸುಟ್ಟದ್ದನ್ನು ನನಗೆ ಹೇಳಲು ಹಿಂಜರಿಯುತ್ತಿದ್ದಾರೇನೋ ಎಂಬ ಭಯ. ಹೀಗೆ ಕೂತಿದ್ದಾಗ ಒಂದು ಬೆಳಿಗ್ಗೆ ಹರಪನಹಳ್ಳಿ ಹತ್ತಿರದ ಅರಸೀಕೆರೆ ಕಡೆಯ ರೈತರೊಬ್ಬರು ಬಸ್ಸಿನ ಮೇಲೆ ಮೋಟಾರು ಹೇರಿಸಿಕೊಂಡು ಬಂದು, ಕೂಲಿಯವನ ಜೊತೆ ಅದನ್ನು ಹೊತ್ತು ನಮ್ಮ ಬಾಗಿಲಿಗೆ ತಂದರು.

“ಹೂವು ಎಣಿಸಿ ಮೋಟ್ರು ಸುತ್ತೋರು ಯಾರ್ರಿ ಇಲ್ಲಿ?”

“ನಾನ್ರಿ.”

ಅವರು ನನ್ನ ಮೀಸೆ ಹುಡುಕಿದರು. ಅದಿನ್ನೂ ಪೂರ್ತಿ ಬಂದಿರಲಿಲ್ಲ. “ಇಲ್ಲೀತನ ಎಷ್ಟು ಸುತ್ತೀರಿ?”

ಎಷ್ಟೆಂದು ಹೇಳಿದರೆ ನಂಬಿಕೆ ಬರುತ್ತದೆ ಎಂದು ಮನಸ್ಸಿನಲ್ಲಿ ಲೆಕ್ಕ ಹಾಕಿದೆ. ಹೇಳಿದ ಸುಳ್ಳನ್ನು ಆಮೇಲೆ ನೆನಪಿಟ್ಟುಕೊಳ್ಳುವ ಚಿಂತೆ ಇನ್ನೂ ದೊಡ್ಡದಾಗಿ ಕಂಡಿತು.

“ಒಂದ್ರಿ.”

“ಒಂದು,” ಎಂದು ಅವರು ಕೂಲಿಯವನ ಮುಖ ನೋಡಿದರು. “ಅದೀಗ ಏನ್ ಮಾಡಾಕ್ಹತ್ತೈತಿ?”

“ನಡ್ಯಾಕ್ಹತ್ತೈತ್ರಿ.”

“ಹಂಗಾರ ಏನ್ ನೋಡ್ತೀರಿ? ಈ ಕಡಿ ಹಿಡೀರಿ. ಬಾಳ ಭಾರ ಐತಿ.”