ಕೆಂಪು ನಾಯಿಯ ತವರುಮನೆ

ನಮ್ಮ ನಾಯಿಗೊಂದು ತವರುಮನೆ ಇದೆ. ಕೋಡ್ಲಾ ರಸ್ತೆಯಲ್ಲಿ ಸಿಮೆಂಟ್ ಲಾರಿಗಳು ಸಾಲಾಗಿ ನಿಲ್ಲುವ ಕಡೆ ಇರುವ ಒಂದು ಚಹಾದಂಗಡಿ. ನಾಲ್ಕು ವರ್ಷದ ಹಿಂದೆ ಆ ಅಂಗಡಿಯ ಚಾಚಾ, ಆಗಿನ್ನೂ ಮರಿಯಾಗಿದ್ದ ಅವಳನ್ನು ಲಾರಿಯ ಗಾಲಿಯಡಿಯಿಂದ ಎಳೆದು ತೆಗೆದು, ಮುರಿದ ಮುಂಗಾಲಿಗೆ ಬಟ್ಟೆ ಸುತ್ತಿ, ಚಹಾ ಕುಡಿಯುತ್ತ ಕೂತಿದ್ದ ನನ್ನ ತೊಡೆಯ ಮೇಲೆ ಹಾಕಿದ್ದರು. ಬೂದುಬಣ್ಣದ ಮರಿಯೆಂದುಕೊಂಡೇ ಸೇಡಂನ ನಮ್ಮ ಮನೆಗೆ ತಂದೆ. ಹೆಂಡತಿ ಮೂರು ಕೊಡ ನೀರು ಸುರಿದಳು. ಸಿಮೆಂಟಿನ ಧೂಳೆಲ್ಲ ಇಳಿದು, ಕೆಂಪು ಮರಿಯೊಂದು ಗಡಗಡ ನಡುಗುತ್ತ ನಿಂತಿತ್ತು.

"ಏನ್ ಮಾಸ್ತರ್ರೀ ನೀವು! ತಂದಿದ್ದು ಯಾವ ಬಣ್ಣದ್ದಂತನೂ ಗೊತ್ತಿಲ್ಲ ನಿಮಗ," ಎಂದು ಅವಳು ಅಂದಿನಿಂದ ಬಂದವರೆದುರೆಲ್ಲ ನನ್ನನ್ನು ಆಡಿಕೊಂಡಳು.

ನಾಯಿ ಮನೆಗೆ ಬಂದ ದಿನ ಪ್ರತಿ ವರ್ಷ ನಮ್ಮಲ್ಲಿ ಹಬ್ಬ. ಮೈ ತೊಳೆದು, ಆಟೊದಲ್ಲಿ ಕೂರಿಸಿಕೊಂಡು ತವರಿಗೆ ಹೋಗುತ್ತೇವೆ. ಚಾಚಾರಿಗೆಂದು ಹೆಂಡತಿ ಶೇಂಗಾದ ಹೋಳಿಗೆ ಕಟ್ಟಿಕೊಳ್ಳುತ್ತಾಳೆ. ಅವರೂ ತವರಿಗೆ ಬಂದ ಮಗಳನ್ನು ಹಾಗೇ ಕಳಿಸುವವರಲ್ಲ. ತತ್ತಿ ತಿನ್ನಿಸಿ, ಕೊರಳಿಗೆ ಹೊಸ ರವಿಕೆ ಖಣದ ತುಂಡು ಕಟ್ಟುತ್ತಾರೆ. ನಾಯಿಗೆ ಖಣವೇ ಎಂದು ಲಾರಿ ಡ್ರೈವರುಗಳು ನಗುತ್ತಾರೆ. ನಗಲಿ, ಅವರ ಗಂಟೇನು ಹೋಯಿತು.

ಈ ವರ್ಷ ಖಣ ಕಟ್ಟಲೆಂದು ಕೊರಳಪಟ್ಟಿ ಬಿಚ್ಚಿದ್ದೇ ತಡ, ಪಕ್ಕದ ಲಾರಿ ಹಾರ್ನ್ ಹೊಡೆಯಿತು. ಆ ಸದ್ದೆಂದರೆ ಅವಳಿಗೆ ಜೀವಭಯ. ಕೈ ಕೊಸರಿಕೊಂಡು ಲಾರಿಗಳ ನಡುವೆ ಓಡಿಬಿಟ್ಟಳು.

ಸುಡು ಬಿಸಿಲಲ್ಲಿ ಎರಡು ತಾಸು ಹುಡುಕಿದೆ. ಒಂದೊಂದು ಲಾರಿ ಕದಲಿದಾಗಲೂ ಗಾಲಿಯ ಕೆಳಗೆ ಬಗ್ಗಿ ನೋಡಿದೆ. "ಕೆಂಪು ನಾಯಿ ನೋಡಿದ್ರೇನ್ರಿ? ಮುಂದಿನ ಕಾಲು ಕುಂಟ್ತದ," ಎಂದು ಕಂಡಕಂಡವರನ್ನು ಕೇಳಿದೆ. ಯಾರೂ ನೋಡಿರಲಿಲ್ಲ. ಅಳುತ್ತ ಕೂತಿದ್ದ ಹೆಂಡತಿಯ ಮೇಲೂ ರೇಗಿದೆ. ಸಿಟ್ಟಲ್ಲ ಅದು, ಹೆದರಿಕೆ. ಇನ್ನು ಸಿಗಲಿಕ್ಕಿಲ್ಲ ಅನ್ನಿಸತೊಡಗಿತ್ತು.

ಅಷ್ಟರಲ್ಲಿ ಯಾವುದೋ ಬೂದು ನಾಯಿ ಹಿಂದಿನಿಂದ ಬಂದು ಕಾಲಿಗೆ ಮೂತಿ ಹಚ್ಚಿತು. "ಹಚಾ!" ಎಂದು ಗದರಿದೆ. ನಾಲ್ಕು ಹೆಜ್ಜೆ ಸರಿದು, ಬಾಲ ಆಡಿಸುತ್ತ ಮತ್ತೆ ಬಂತು. ಚಪ್ಪಲಿ ಕೈಗೆ ತೆಗೆದುಕೊಂಡೆ.

"ಹೊಡೀಬ್ಯಾಡ್ರೀ ಮಾಸ್ತರ್ರ!" ಚಾಚಾ ಅಂಗಡಿಯಿಂದ ಕೂಗುತ್ತ ಓಡಿಬಂದರು. "ಕಾಲ್ ನೋಡ್ರಿ, ಕಾಲ್! ನಿಮ್ಮ ಮಗಳೇ ಅಕಿ!"

ಆಗ ನೋಡಿದೆ. ಒಂದು ಮುಂಗಾಲು ನೆಲಕ್ಕೆ ಪೂರ್ತಿ ಊರಿರಲಿಲ್ಲ. ಯಾವ ಲಾರಿಯಡಿ ಅವಿತಿದ್ದಳೋ, ಮೂಗಿನ ತುದಿಯವರೆಗೂ ಸಿಮೆಂಟು. ನಾಲ್ಕು ವರ್ಷ ನನ್ನ ಮಂಚದ ಕೆಳಗೆ ಮಲಗಿದವಳನ್ನು, ಮೊದಲ ದಿನ ಕಂಡಿದ್ದ ಅದೇ ಬಣ್ಣದಲ್ಲಿ, ನಾನು ಗುರುತಿಸಲಿಲ್ಲ.

ಚಪ್ಪಲಿ ಬಿಸಾಕಿ ಧೂಳಿನಲ್ಲೇ ಕುಸಿದು ಕೂತೆ. ಬಾ ಎನ್ನಲು ನಾಚಿಕೆಯಾಯಿತು. ನಾನು ಕರೆಯಲೆಂದು ಅವಳು ಕಾಯಲಿಲ್ಲ. ಕುಂಟುತ್ತ ಬಂದು ನನ್ನ ತೊಡೆಯೇರಿ, ಮೊದಲ ದಿನದ ಹಾಗೆಯೇ ಮುದುರಿ ಮಲಗಿದಳು. ನಾನು ಅತ್ತೆ, ಅಷ್ಟು ಜನರೆದುರು.

ಹೆಂಡತಿ ಬಂದಳು. ಬೂದುಬಣ್ಣವಾದ ನಾಯಿಯನ್ನೂ ಬೂದುಬಣ್ಣವಾದ ನನ್ನ ಅಂಗಿಯನ್ನೂ ನೋಡಿದಳು. ಬಣ್ಣದ ಮಾತು ಎತ್ತಲಿಲ್ಲ.