ಶೇಂಗಾ ಇಲ್ಲದ ಮನೆಯ ರೊಟ್ಟಿ

ಅನ್ನದೊಳಗೆ ಬೆಂಕಿ ಅಡಗಿಸಿಟ್ಟ ಶಿವನಿಗೆ ಶರಣು.

ಆಹಾರ ಸುಟ್ಟರೆ ನೀರು ಎಷ್ಟು ಕಾಯುತ್ತದೆಂದು ತೋರಿಸುವ ಪಾಠಕ್ಕೆ ನಾನು ಪ್ರತಿ ವರ್ಷ ಶೇಂಗಾ ಸುಡುತ್ತಿದ್ದೆ. ಈ ಸಲ ಏಳನೆಯ ತರಗತಿಗೆ ಸುಮಾ ಬಂದಿದ್ದಳು. ಶೇಂಗಾ ಸೋಂಕಿದರೆ ಆಕೆಗೆ ಉಸಿರು ಕಟ್ಟುತ್ತದೆ. ಹಿಂದಿನ ಶಾಲೆಯಲ್ಲಿ ಇಂಥ ಪಾಠದ ದಿನ ಆಕೆಯನ್ನು ಹೊರಗೆ ಕೂಡಿಸುತ್ತಿದ್ದರಂತೆ.

ಶೇಂಗಾದ ಬದಲು ಸುಡಲೆಂದು ಚಂದಾಪುರದ ಅಂಗಡಿಯಲ್ಲಿ ಚುರುಮುರಿ ಕೇಳಿದರೆ, ಅಂಗಡಿಯವರು ಪ್ರೀತಿಯಿಂದ ಮೇಲೊಂದು ಹಿಡಿ ಶೇಂಗಾ ಹಾಕಿಯೇ ಕೊಟ್ಟರು. ಅದನ್ನು ಮರಳಿಸಿ ಬಂದು, ಬಿಸಿಯೂಟದ ಶಾಂತಮ್ಮನಿಗೆ ಕಡಕ್ ರೊಟ್ಟಿ ಕೇಳಿದೆ.

“ಕೊಡ್ತೀನ್ರಿ ಟೀಚರ್. ಹಿಂಡಿ ಡಬ್ಬ್ಯಾಗ ಇಟ್ಟೀನಿ, ನಡೀತದೇನ್ರಿ?”

“ಎಂಥ ಹಿಂಡಿ? ಯಾವುದರ ಚಟ್ನಿಪುಡಿ?”

“ಶೇಂಗಾ ಹಿಂಡಿರಿ. ಮತ್ತ್ಯಾವ್ದು ಇರ್ತದ?”

ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಬಾಗಿಲಲ್ಲಿ ನಿಂತಿದ್ದ ಸುಮಾ ನಕ್ಕಳು.

“ನಮ್ಮನಿಯಿಂದ ತರ್ತೀನ್ರಿ ಟೀಚರ್. ನಮ್ಮವ್ವ ಶೇಂಗಾಕ್ಕ ಹೊಸ್ತಿಲಾ ದಾಟಾಕ ಬಿಡಂಗಿಲ್ಲ.”

ಮರುದಿನ ಆಕೆ ತಂದ ರೊಟ್ಟಿಯ ಚೂರನ್ನು ಚಿಮಟಾದಲ್ಲಿ ಹಿಡಿದು ಹೊತ್ತಿಸಿದೆ. ಚೆಂದ ಉರಿಯಿತು. ಮೊದಲ ಸಾಲಿನಲ್ಲಿ ಕೂತ ಸುಮಾ, ಉರಿಯ ಮೇಲಿದ್ದ ಗಾಜಿನ ನಳಿಕೆಯ ನೀರು ಎಷ್ಟು ಬಿಸಿಯಾಯಿತೆಂದು ಥರ್ಮಾಮೀಟರ್ ನೋಡಿ ಎಲ್ಲರಿಗೂ ಕೇಳುವಂತೆ ಓದಿ ಹೇಳಿದಳು.

“ಅನ್ನಾ ಸುಟ್ರ ಪಾಪ ಅಲ್ಲೇನ್ರಿ?” ಎಂದು ಶಾಂತಮ್ಮ ಇಣುಕಿ ಕೇಳಿದಳು. ಆ ಅಂಜಿಕೆ ನನಗೂ ಇತ್ತು. ಆದರೆ ಒಂದು ಕೂಸು ಒಳಗೆ ಕೂಡಲಿಕ್ಕೆ ಒಂದು ಚೂರು ರೊಟ್ಟಿ ಸುಟ್ಟರೆ ದೇವರು ಸಿಟ್ಟಾಗುವುದಿಲ್ಲವೆಂದು ನಂಬಿದ್ದೇನೆ. ಉಳಿದ ರೊಟ್ಟಿಯನ್ನು ಎಲ್ಲರೂ ಹಂಚಿ ತಿಂದೆವು. ಹಿಂಡಿ ಇಲ್ಲದೆ ಗಂಟಲಿಗೆ ಇಳಿಯುವುದಿಲ್ಲವೆಂದು ಶಾಂತಮ್ಮ ಒಬ್ಬಳೇ ಗೊಣಗಿದಳು.

ಇದನ್ನು ಕೇಳಿದ ನಿಮ್ಮೆಲ್ಲರ ಮಕ್ಕಳಿಗೂ ಆ ಶಿವ ಮೊದಲ ಸಾಲಿನಲ್ಲೇ ಜಾಗ ಕೊಡಲಿ.