ಗಾಲಿಗೆ ಕೊಟ್ಟ ಕಲ್ಲು

ಇವತ್ತು ಬೆಳಿಗ್ಗೆ ನನ್ನ ಹಳೆಯ ಕಾರು ಕೊಳ್ಳಲು ಹೊಳಲ್ಕೆರೆಯಿಂದ ಒಬ್ಬರು ಬಂದಿದ್ದರು. ಕೊಳ್ಳುವವರು ಮಾಡುವುದನ್ನೆಲ್ಲ ಕ್ರಮವಾಗಿ ಮಾಡಿದರು. ಬಾನೆಟ್ ಎತ್ತಿದರು, ಟೈರಿಗೆ ಒದ್ದರು, ಮುಖ ಹುಳ್ಳಗೆ ಮಾಡಿದರು. ಆಮೇಲೆ ಒಳಗೆ ಕೂತು ರಿವರ್ಸ್ ತೆಗೆಯಲು ಹೋದರೆ ಗಾಡಿ ಗುರುಗುಟ್ಟಿತೇ ಹೊರತು ಅಲುಗಲಿಲ್ಲ. ಇಳಿದು ನೋಡಿದರೆ ಹಿಂದಿನ ಗಾಲಿಗೆ ಯಾರೋ ಒಂದು ದಪ್ಪ ಕಲ್ಲು ಕೊಟ್ಟಿದ್ದರು. ಜಗಲಿಯ ಮೇಲೆ ಅಪ್ಪ ತನಗೂ ಈ ಲೋಕಕ್ಕೂ ಸಂಬಂಧವೇ ಇಲ್ಲವೆಂಬಂತೆ ಕೂತಿದ್ದ.

"ಓಣಿ ಹುಡುಗ್ರು ಇಟ್ಟಿರ್ಬೇಕು. ತೆಗೆದು ಹಾಕ್ಲೇನಮ್ಮ?" ಎಂದರು ಅವರು.

"ಸ್ವಲ್ಪ ತಡೀರಿ, ಕುಂತ್ಕಳ್ರಿ. ಕಾಫಿ ತರ್ತೀನಿ" ಎಂದು ಒಳಗೆ ಬಂದೆ. ಒಲೆಯ ಮೇಲೆ ನೀರಿಟ್ಟು ನಿಂತಾಗ ನೆನಪಾದದ್ದನ್ನು ನಿಮಗೂ ಹೇಳುತ್ತೇನೆ.

ನಾನು ಹೊಸದುರ್ಗದಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವವಳು. ಕಾರು ಕಲಿತದ್ದು ತಲೆ ನರೆತ ಮೇಲೆ, ಹಾಗಾಗಿ ಜಂಬ ಸ್ವಲ್ಪ ಹೆಚ್ಚು. ಮಾರಿಕಣಿವೆಯ ತಿರುವುಗಳಲ್ಲಿ ಲಾರಿಯವರಿಗೂ ಸುಲಭವಾಗಿ ದಾರಿ ಬಿಟ್ಟವಳಲ್ಲ. ಆದರೆ ಬೆಂಗಳೂರು ಹತ್ತಿರವಾದಂತೆ ನನ್ನ ಧೈರ್ಯವೆಲ್ಲ ಸೋರಿಹೋಗುತ್ತದೆ. ಇದನ್ನು ಬಲ್ಲ ಸಹೋದ್ಯೋಗಿಯೊಬ್ಬರು ಉಪಾಯ ಹೇಳಿಕೊಟ್ಟಿದ್ದರು. ಊರ ಹೊರಗೇ ತುಮಕೂರು ರಸ್ತೆಯ ಮೆಟ್ರೊ ನಿಲ್ದಾಣದಲ್ಲಿ ಕಾರು ನಿಲ್ಲಿಸಿ, ರೈಲು ಹತ್ತಿ ಹೋಗಿ, ಸಂಜೆ ಅದೇ ರೈಲಿನಲ್ಲಿ ವಾಪಸು ಬಂದು ಕಾರು ಹತ್ತುವುದು. ಕೇಳಲು ಎಷ್ಟು ಸುಲಭ, ನೋಡಿ.

ಕೆಲವು ವರ್ಷಗಳ ಹಿಂದೆ ಹಾಗೆ ಹೋಗಬೇಕಾಗಿ ಬಂದದ್ದು ಅಪ್ಪನ ಸಲುವಾಗಿ. ಅಪ್ಪ ಬಾಗೂರಿನ ಕಡೆಯವನು, ಕುರಿ ಕಾಯ್ದು ನನ್ನನ್ನು ಓದಿಸಿದವನು. ಕಾಡುಮೇಡು ಅಲೆದು ಕತ್ತಲಲ್ಲೂ ಹಟ್ಟಿಗೆ ಮರಳುತ್ತಿದ್ದ ಮನುಷ್ಯ ಆ ವರ್ಷ ತನ್ನದೇ ಹೊಲದಿಂದ ಬರುವಾಗ ದಾರಿ ತಪ್ಪಿದ. ಯಾರೋ ವಿಳಾಸ ಕೇಳಿದರೆ, ತೀರಿಕೊಂಡ ನನ್ನ ಅವ್ವನ ತವರೂರಿನ ಹೆಸರು ಹೇಳಿದನಂತೆ. ದುರ್ಗದ ಡಾಕ್ಟರು ಪರೀಕ್ಷಿಸಿ, ಮರೆವಿನ ಕಾಯಿಲೆ ಇರಬಹುದು, ಬೆಂಗಳೂರಿನಲ್ಲಿ ತೋರಿಸಿಬಿಡಿ ಎಂದರು. ಹಿರಿಯೂರು ದಾಟಿದಾಗಿನಿಂದ ನಾನು ಒಂದೇ ಪಾಠ ಒಪ್ಪಿಸುತ್ತಿದ್ದೆ: "ಅಪ್ಪ, ಅಲ್ಲಿ ಜನ ಜಾಸ್ತಿ. ನನ್ನ ಕೈ ಬಿಡಬೇಡ." ಅಪ್ಪ ಕೊನೆಗೆ ಬೇಸತ್ತು, "ಆತು ಕಣವ್ವ, ಎಷ್ಟು ಸಲ ಹೇಳ್ತೀಯ, ನಾನೇನ್ ಮರಿನಾ?" ಎಂದ.

ನಿಲ್ದಾಣದ ಕೆಳಗೆ ಕಾರು ನಿಲ್ಲಿಸಿ ಬೀಗ ಹಾಕಿದೆ. ಅಪ್ಪ ಗಾಡಿಯನ್ನು ಒಂದು ಸುತ್ತು ಹಾಕಿದ. ಆಮೇಲೆ ಕಾಂಪೌಂಡಿನ ಬುಡದಲ್ಲಿ ಬಿದ್ದಿದ್ದ ಒಂದು ಸಿಮೆಂಟ್ ಇಟ್ಟಿಗೆ ಎತ್ತಿ ತಂದು ಹಿಂದಿನ ಗಾಲಿಗೆ ಕೊಟ್ಟ. ಚೀಟಿ ಕೊಡುವ ಹುಡುಗಿ ನಗುತ್ತ, "ಹ್ಯಾಂಡ್ ಬ್ರೇಕ್ ಇದೆಯಲ್ಲ ಅಜ್ಜ" ಎಂದಳು. "ಇರ್ಲಿ ಬಿಡು ತಾಯಿ, ಅದು ಅವಳ ನಂಬಿಕೆ, ಇದು ನಂದು" ಎಂದ ಅಪ್ಪ. ನನಗೆ ನಾಚಿಕೆಯಾಗಿ ಅವನ ರಟ್ಟೆ ಹಿಡಿದು ಎಳೆದುಕೊಂಡು ಹೊರಟೆ. ಅವನ ಮೊಬೈಲು, ಆಸ್ಪತ್ರೆಯ ಚೀಲ ಎರಡೂ ಕಾರಿನಲ್ಲೇ ಉಳಿದದ್ದು ಆ ಅವಸರದಲ್ಲಿ ಗೊತ್ತಾಗಲಿಲ್ಲ.

ಇಲ್ಲಿ ನಮ್ಮೂರ ಬಸ್‌ಸ್ಟ್ಯಾಂಡಿನ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ಬಸ್ಸು ಬಂತೆಂದರೆ ಎಲ್ಲರೂ ಒಟ್ಟಿಗೆ ಹತ್ತುವುದಿಲ್ಲ. ಕಾಲು ಗಟ್ಟಿಯಿರುವ ಒಬ್ಬರು ನುಗ್ಗಿ ಸೀಟಿನ ಮೇಲೆ ಟವಲ್ ಹಾಕುತ್ತಾರೆ. ಹಿರಿಯರು ಎಲೆಯಡಿಕೆ ಹಾಕಿಕೊಂಡು, ಸಿಕ್ಕವರನ್ನು ಮಾತಾಡಿಸಿ, ನಿಧಾನಕ್ಕೆ ಬರುತ್ತಾರೆ. ಟವಲ್ ಇದ್ದ ಸೀಟನ್ನು ಯಾರೂ ಮುಟ್ಟುವುದಿಲ್ಲ, ಅಜ್ಜ ಹತ್ತುವ ತನಕ ಕಂಡಕ್ಟರೂ ಸೀಟಿ ಊದುವುದಿಲ್ಲ. ಚಿಕ್ಕಂದಿನಿಂದ ನಮ್ಮ ಮನೆಯಲ್ಲಿ ಟವಲ್ ಹಾಕುವ ಕೆಲಸ ನನ್ನದೇ.

ಮೆಟ್ರೊ ಬಂದು ನಿಂತಿತು. ಬಾಗಿಲು ತೆರೆಯಿತು. ಅಪ್ಪ ಹೆಗಲ ಮೇಲಿನ ಟವಲ್ ತೆಗೆದು ನನ್ನ ಕೈಗಿಟ್ಟು, "ಹೋಗವ್ವ, ಸೀಟು ಹಿಡಿ, ನಾ ಬಂದೆ" ಎಂದ. ದಾರಿಯುದ್ದಕ್ಕೂ ಕೈ ಬಿಡಬೇಡ ಎಂದು ಜಪಿಸಿದ ನಾನೇ ಅವನ ಕೈ ಬಿಟ್ಟು ಒಳಗೆ ನುಗ್ಗಿದೆ. ಖಾಲಿ ಸೀಟಿನ ಮೇಲೆ ಟವಲ್ ಹರವಿ, ಗೆದ್ದವಳ ಹಾಗೆ ತಿರುಗಿ ನೋಡಿದೆ. ಬಾಗಿಲು ಮುಚ್ಚಿತ್ತು. ಗಾಜಿನಾಚೆ ಅಪ್ಪ, ಕಂಡಕ್ಟರಿಗೆ ತೋರಿಸುವಂತೆ ಒಂದು ಕೈ ಎತ್ತಿ ನಿಂತಿದ್ದ. ರೈಲು ಹೊರಟಿತು.

ಟವಲ್ ಬಾಚಿಕೊಂಡು ಬಾಗಿಲ ಬಳಿಗೆ ಓಡಿದೆ. ಮುಂದಿನ ನಿಲ್ದಾಣದಲ್ಲಿ ಇಳಿದು, ಆಚೆ ಕಡೆಗೆ ಓಡಿ, ವಾಪಸು ರೈಲು ಹಿಡಿದು ಬಂದೆ. ಅಪ್ಪ ನಿಂತಿದ್ದ ಜಾಗದಲ್ಲಿ ಬೇರೆ ಜನ ನಿಂತಿದ್ದರು. ಆ ತುದಿಯಿಂದ ಈ ತುದಿಗೆ, ಮೇಲೆ ಕೆಳಗೆ, ಟವಲ್ ಹಿಡಿದುಕೊಂಡು ಓಡಾಡಿದೆ. ಕೆಳಗಿನ ಹೆದ್ದಾರಿಯಲ್ಲಿ ಲಾರಿಗಳು ಒಂದರ ಹಿಂದೊಂದು ಹೋಗುತ್ತಿದ್ದವು. ಹಗ್ಗ ಹರಿದ ಮರಿಯನ್ನು ಹಿಡಿಯಲು ಅಪ್ಪ ರಸ್ತೆ ನೋಡದೆ ಓಡುತ್ತಿದ್ದದ್ದು ಕಣ್ಣಿಗೆ ಕಟ್ಟಿ, ಆ ಕಡೆ ನೋಡುವುದಕ್ಕೇ ಹೆದರಿಕೆಯಾಯಿತು.

ನಿಲ್ದಾಣದ ಹೆಣ್ಣುಮಗಳೊಬ್ಬಳು ಮೈಕಿನಲ್ಲಿ ಅಪ್ಪನ ಹೆಸರು ಕೂಗಿಸಿದಳು. ಯಾರೂ ಬರಲಿಲ್ಲ. "ಮೇಡಂ, ಅವರದೊಂದು ಫೋಟೊ ಕೊಡಿ" ಎಂದಳು. ನನ್ನ ಮೊಬೈಲ್ ತುಂಬ ಮಕ್ಕಳ ಉತ್ತರ ಪತ್ರಿಕೆಗಳಿದ್ದವು, ನನ್ನವೇ ತರಹೇವಾರಿ ಫೋಟೊಗಳಿದ್ದವು, ಅಪ್ಪನದು ಒಂದೂ ಇರಲಿಲ್ಲ. ಅವನ ಆಧಾರ್ ಕಾರ್ಡು ಆಸ್ಪತ್ರೆಯ ಚೀಲದಲ್ಲಿದೆ, ಚೀಲ ಕಾರಿನಲ್ಲಿದೆ ಎಂಬುದು ಆಗ ಹೊಳೆಯಿತು. ಅಳುತ್ತಲೇ ಮೆಟ್ಟಿಲಿಳಿದು ಓಡಿದೆ.

ಅಪ್ಪ ಕಾರಿನ ಹಿಂದೆ ನೆಲದ ಮೇಲೆ, ಗಾಲಿಗೆ ಬೆನ್ನು ಕೊಟ್ಟು ಕೂತಿದ್ದ. ಒಂದು ಕೈ ಆ ಇಟ್ಟಿಗೆಯ ಮೇಲಿತ್ತು.

"ಬಂದ್ಯೇನವ್ವ? ಎಷ್ಟೊತ್ತು ಮಾಡ್ದೆ" ಎಂದ.

"ಎಲ್ಲಿಗೆ ಹೋಗಿದ್ದೆ ಅಪ್ಪ?" ಎಂದು ನಾನು ಸಿಟ್ಟಿನಿಂದಲೇ ಕೇಳಿದೆ. ಹೆದರಿದಾಗ ನನಗೆ ಸಿಟ್ಟೇ ಬರುವುದು.

"ನಾ ಎಲ್ಗೆ ಹೋದೆ, ಹೋದೋಳು ನೀನು. ಸಂತೇಲಿ ತಪ್ಪಿಸ್ಕಂಡ್ರೆ ಏನ್ ಮಾಡ್ಬೇಕು ಅಂತ ಹೇಳ್ಕೊಟ್ಟಿದ್ದೆ? ಎತ್ತು ಬಿಚ್ಚಿದ ಗಾಡಿ ಎಲ್ಗೂ ಹೋಗಲ್ಲ. ಅದರ ತಾವ ಕುಂತ್ರೆ ನಮ್ಮೋರು ಬಂದೇ ಬರ್ತಾರೆ."

ಹೌದು, ಹೇಳಿಕೊಟ್ಟಿದ್ದ. ಹಿರಿಯೂರಿನ ಕುರಿ ಸಂತೆಯಲ್ಲಿ ಲಂಗದ ಹುಡುಗಿಯಾಗಿದ್ದ ನಾನು ತಪ್ಪಿಸಿಕೊಂಡು, ಗಾಡಿಯ ಕೆಳಗೆ ನುಸುಳಿ, ಗಾಲಿಗೆ ಕೊಟ್ಟ ಕಲ್ಲನ್ನು ತಬ್ಬಿ ಕೂತಿದ್ದೆ. ಅಪ್ಪ ಬಂದು ಎತ್ತಿಕೊಂಡಿದ್ದ. ನಾನು ಅದನ್ನು ಮರೆತೇಬಿಟ್ಟಿದ್ದೆ. ಪಾರ್ಕಿಂಗಿನ ನೆಲದ ಮೇಲೆ ಅವನ ಪಕ್ಕದಲ್ಲೇ ಕೂತು ಅತ್ತೆ.

ಮುಂದಿನ ರೈಲಿಗೆ ಇಬ್ಬರೂ ಒಟ್ಟಿಗೆ ಹತ್ತಿದೆವು, ಸೀಟು ಸಿಗಲಿಲ್ಲ. ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರೆ ಅಪ್ಪ ನನ್ನ ಮುಖ ನೋಡಿದ. ಈಗ ನೀವು ಎಲ್ಲಿದ್ದೀರಿ ಎಂದು ಕೇಳಿದರೆ, "ಅದು ಗೊತ್ತಿಲ್ರಿ. ಗಾಡಿ ಎಲ್ಲೈತೆ ಅಂತ ಗೊತ್ತು" ಎಂದ. ಅವರು ಮಾತ್ರೆ ಬರೆದರು.

ಮಾತ್ರೆಗಳು ಮರೆವನ್ನು ನಿಲ್ಲಿಸಲಿಲ್ಲ. ಈಗ ಅಪ್ಪನಿಗೆ ನನ್ನ ಗುರುತು ಸಿಗುವುದಿಲ್ಲ. "ಈ ಮನೆಯೋರು ಒಳ್ಳೇರು" ಎಂದು ನನ್ನನ್ನೇ ನನ್ನೆದುರು ಹೊಗಳುತ್ತಾನೆ. ಸಂಜೆಯಾದರೆ ಹೋಗಾಣ, ಹೋಗಾಣ ಎಂದು ಚಡಪಡಿಸಿ, ಹೊರಗೆ ಹೋಗಿ ಕಾರಿನ ಮಗ್ಗುಲಲ್ಲಿ ಕೂರುತ್ತಾನೆ. ಗಾಳಿಗೆ ಕೂರುತ್ತಾನೆಂದು ತಿಳಿದಿದ್ದೆ. ಅಪ್ಪನನ್ನು ಬಿಟ್ಟು ಹೋಗಲಾಗದೆ ನಾನು ಓಡಿಸುವುದನ್ನೇ ಬಿಟ್ಟ ಕಾರು, ಮಾರಿಬಿಡೋಣ ಎಂದುಕೊಂಡದ್ದೂ ನಾನೇ. ಗಾಲಿಯ ಹಿಂದಿನ ಕಲ್ಲನ್ನು ಎಷ್ಟೋ ಸಲ ಹುಡುಗರಿಗೆ ಬೈದುಕೊಂಡು ಕಾಲಿನಿಂದ ತಳ್ಳಿದ್ದೇನೆ.

ನೀರು ಕುದಿದು ಅರ್ಧವಾಗಿತ್ತು. ಇದ್ದಷ್ಟರಲ್ಲೇ ಕಾಫಿ ಸೋಸಿ ಹೊರಗೆ ಬಂದೆ. ಅಪ್ಪ ಜಗಲಿಯಿಂದ ಇಳಿದು ಗಾಲಿಗೆ ಬೆನ್ನು ಕೊಟ್ಟು ಕೂತಿದ್ದ. ಹೊಳಲ್ಕೆರೆಯವರು ಏನು ಮಾಡಬೇಕೆಂದು ತಿಳಿಯದೆ ದೂರ ನಿಂತಿದ್ದರು. ಚಪ್ಪಲಿಯ ಸದ್ದಿಗೆ ಅಪ್ಪ ತಲೆಯೆತ್ತಿದ.

"ಬಂದ್ಯೇನವ್ವ? ಎಷ್ಟೊತ್ತು ಮಾಡ್ದೆ" ಎಂದ.

"ಬಂದೆ ಅಪ್ಪ" ಎಂದೆ. ಲೋಟವನ್ನು ಹೊಳಲ್ಕೆರೆಯವರ ಕೈಗೆ ಕೊಟ್ಟು, "ಕಾಫಿ ಕುಡಿದು ಹೋಗ್ರಿ. ಗಾಡಿ ಕೊಡಲ್ಲ" ಎಂದು ಹೇಳಿ ಕಲ್ಲಿನ ಆಚೆ ಬದಿಗೆ ಕೂತೆ.